ದಫೇದಾರರ ರೈಫಲ್

ನಿವೃತ್ತನಾದ ಮೇಲೆ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಜನಕ್ಕೆ ಗುಂಡು ಹೊಡೆದಿದ್ದೀರಿ?’ ಮದುವೆ ಮನೆಯಲ್ಲಿ ಎಲೆಯ ಮುಂದೆ ಕುಳಿತಾಗಲೂ ಕೇಳುತ್ತಾರೆ, ಪಾಯಸ ಬರುವುದಕ್ಕೂ ಕಾಯುವುದಿಲ್ಲ. ಒಬ್ಬರಿಗೂ ಇಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಹಾಗಾದರೆ ಇಷ್ಟು ವರ್ಷ ಮಾಡಿದ್ದೇನು ಎಂದರೆ ನಿಜವನ್ನೇ ಹೇಳುತ್ತೇನೆ, ಬಂದೂಕು ಒರೆಸಿದೆ. ಅವರು ತಮಾಷೆ ಎಂದುಕೊಂಡು ನಗುತ್ತಾರೆ. ತಮಾಷೆ ಮಾಡುವಷ್ಟು ಉತ್ಸಾಹ ನನ್ನಲ್ಲಿ ಉಳಿದಿಲ್ಲ.

ಮೂವತ್ತು ಚಿಲ್ಲರೆ ವರ್ಷ ನಾನು ಪೊಲೀಸ್ ಇಲಾಖೆಯ ಸಶಸ್ತ್ರ ವಿಭಾಗದಲ್ಲಿದ್ದೆ. ಸೇರಿದಾಗ ಎಲ್ಲರ ಕೈಯಲ್ಲಿ ಹಳೆಯ ತ್ರೀ ನಾಟ್ ತ್ರೀ. ಒಂದೊಂದು ಗುಂಡಿಗೂ ಬೋಲ್ಟ್ ಎಳೆದು ತಳ್ಳಬೇಕು. ತೊಂಬತ್ತರ ದಶಕದಲ್ಲಿ ನಮಗೆ ಎಸ್‌ಎಲ್‌ಆರ್ ಕೊಟ್ಟರು. ಅದು ಅರೆ ಸ್ವಯಂಚಾಲಿತ ರೈಫಲ್. ಒಮ್ಮೆ ಟ್ರಿಗರ್ ಒತ್ತಿದರೆ ಒಂದು ಗುಂಡು ಹಾರುತ್ತದೆ. ಆ ಗುಂಡಿನ ಹಿಂದೆ ಬರುವ ಗ್ಯಾಸಿನ ಒತ್ತಡದಲ್ಲೇ ಖಾಲಿ ತೋಟಾ ಹೊರಗೆ ಬಿದ್ದು, ಮುಂದಿನದ್ದು ತಾನಾಗಿ ಒಳಗೆ ಬಂದು ಕೂರುತ್ತದೆ. ಕೈಗೆ ಕೆಲಸ ಕಡಿಮೆಯಾಯಿತು ಎಂದು ನಾವು ಖುಷಿಪಟ್ಟದ್ದು ಒಂದು ವಾರ. ಆಮೇಲೆ ಗೊತ್ತಾಯಿತು, ಹೊಡೆಯುವಾಗ ಉಳಿದ ಶ್ರಮವನ್ನೆಲ್ಲ ಒರೆಸುವಾಗ ಕೊಡಬೇಕು. ತ್ರೀ ನಾಟ್ ತ್ರೀ ಎಂತಹ ಕೊಳೆಯನ್ನೂ ಸಹಿಸಿಕೊಳ್ಳುತ್ತಿತ್ತು. ಇದಕ್ಕೆ ಸ್ವಲ್ಪ ಮಸಿ ಕೂತರೂ ಆಗದು, ಸ್ವಲ್ಪ ಎಣ್ಣೆ ಹೆಚ್ಚಾದರೂ ಆಗದು.

ಒರೆಸುವ ಕ್ರಮ ನನಗೆ ಈಗಲೂ ನಿದ್ದೆಯಲ್ಲಿ ಬರುತ್ತದೆ. ಮೊದಲು ಮ್ಯಾಗಜೀನ್ ತೆಗೆಯುವುದು, ಒಳಗೆ ಗುಂಡು ಉಳಿದಿಲ್ಲ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡುವುದು. ಆಮೇಲೆ ಬಿಚ್ಚಿದ ಭಾಗಗಳನ್ನು ಗೋಣಿಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುವುದು. ತುದಿಗೆ ಚಿಂದಿ ಬಟ್ಟೆ ಸಿಕ್ಕಿಸಿದ ಹಗ್ಗವನ್ನು ನಳಿಗೆಯೊಳಗೆ ಇಳಿಬಿಟ್ಟು ಒಂದೇ ಎಳೆತಕ್ಕೆ ಎಳೆಯಬೇಕು. ನಡುವೆ ನಿಲ್ಲಿಸಿದರೆ ಚಿಂದಿ ಸಿಕ್ಕಿಕೊಂಡು ಅರ್ಧ ದಿನ ಹಾಳು. ಚಿಂದಿ ಬೆಳ್ಳಗೆ ಬರುವ ತನಕ ಇದೇ ಕೆಲಸ. ಕೊನೆಗೆ ರೈಫಲ್ ಎಣ್ಣೆ, ಅದೂ ಬೆರಳಿಗೆ ಹತ್ತಿದ್ದು ಗೊತ್ತಾಗದಷ್ಟು ತೆಳುವಾಗಿ. ಗ್ಯಾಸ್ ಓಡಾಡುವ ಕೊಳವೆಗೆ ಮತ್ತು ಅದರೊಳಗಿನ ಪಿಸ್ಟನ್ನಿಗೆ ಎಣ್ಣೆ ಮುಟ್ಟಿಸಲೇಬಾರದು, ಅದು ಒಣಗಿರಬೇಕು. ಇದನ್ನು ನನಗೆ ಕಲಿಸಿದವರು ಬೆನ್ನಿಗೆ ಗುದ್ದಿ ಕಲಿಸಿದ್ದರು. ನಾನೂ ಹತ್ತಾರು ಜನರಿಗೆ ಕಲಿಸಿದ್ದೆ, ಗುದ್ದದೆ.

ಎರಡು ಸಾವಿರದ ಇಸವಿಯ ನಂತರ ಘಟ್ಟದ ಬುಡದ ಕಾಡಿನಲ್ಲಿ ಬಂದೂಕು ಹಿಡಿದವರು ಓಡಾಡುತ್ತಾರೆ ಎಂಬ ಸುದ್ದಿ ಎದ್ದಿತು. ಮುಂಡಾಜೆ ದಾಟಿ ಚಾರ್ಮಾಡಿಗೆ ಹೋಗುವ ದಾರಿಯಲ್ಲಿ ಒಂದು ಹೊರಠಾಣೆ ಮಾಡಿದರು. ಒಂದು ಹಳೆಯ ಗೋದಾಮು, ಎಂಟು ಜನ, ಎಂಟು ರೈಫಲ್. ನಾನು ಹಳೆಯ ಕಾನ್‌ಸ್ಟೇಬಲ್ ಆದ್ದರಿಂದ ಕೋತ್, ಅಂದರೆ ಬಂದೂಕು ಇಡುವ ಕೋಣೆ, ನನ್ನ ತಲೆಗೆ ಬಿತ್ತು. ಬೀಗದ ಕೈ ನನ್ನ ಸೊಂಟದಲ್ಲಿ. ಯಾರ ರೈಫಲಿಗೆ ತುಕ್ಕು ಹಿಡಿದರೂ ಬೈಗುಳ ನನಗೆ.

ಬಂದೂಕು ಹಿಡಿದವರು ನಮಗೆ ಒಮ್ಮೆಯೂ ಕಾಣಲಿಲ್ಲ. ನಮ್ಮ ವೈರಿ ತುಕ್ಕು. ಜೂನ್‌ನಿಂದ ಅಕ್ಟೋಬರ್ ತನಕ ಸಂಜೆ ಒರೆಸಿಟ್ಟ ನಳಿಗೆ ಬೆಳಿಗ್ಗೆ ನೋಡಿದರೆ ಕೆಂಪಗೆ. ಗೋಡೆ ಬೆವರುತ್ತಿತ್ತು, ಕೋತಿನ ನೆಲ ಬೆವರುತ್ತಿತ್ತು. ಹದಿನೈದು ಕಿಲೋಮೀಟರ್ ಕಾಡು ಸುತ್ತಿ, ಕಾಲಿನ ಜಿಗಣೆ ಕಿತ್ತು, ಗಂಜಿ ಕುಡಿದು, ಮತ್ತೆ ಗೋಣಿ ಹಾಸಿ ಕೂರಬೇಕು. ಒಂದೊಂದು ದಿನ ಅಳುವೇ ಬರುತ್ತಿತ್ತು. ಯಾರಿಗಾಗಿ ಒರೆಸುತ್ತಿದ್ದೇನೆ ಎಂದು ನನಗೇ ತಿಳಿಯುತ್ತಿರಲಿಲ್ಲ.

ನನ್ನ ಮನೆ ಮೂಡುಬಿದಿರೆಯ ಮಿಜಾರಿನ ಕಡೆ. ಮನೆಯಲ್ಲಿ ಹೆಂಡತಿ, ಆರು ವರ್ಷದ ಮಗಳು. ಮಗಳಿಗೆ ಉಬ್ಬಸ. ಮಳೆ ಶುರುವಾದರೆ ಅವಳ ಎದೆ ಹಾರ್ಮೋನಿಯಂ ಹಾಗೆ ಸದ್ದು ಮಾಡುತ್ತಿತ್ತು. ಹೆಂಡತಿ ಮಗುವನ್ನು ಎತ್ತಿಕೊಂಡು ಆಟೋ ಹುಡುಕುವಾಗ ನಾನು ಐವತ್ತು ಕಿಲೋಮೀಟರಿನಾಚೆ ಚಿಂದಿ ಎಳೆಯುತ್ತಿರುತ್ತಿದ್ದೆ. ಹಾಗಾಗಿ ಮೂಡುಬಿದಿರೆಗೆ ವರ್ಗ ಬೇಡಿ ಅರ್ಜಿ ಹಾಕಿದ್ದೆ. ಅರ್ಜಿ ನಮ್ಮ ಮೇಲಿನ ಸಾಹೇಬರ ಮೇಜಿನ ಮೇಲಿತ್ತು. ಅವರು ಸಹಿ ಹಾಕಿದರೆ ಆಯಿತು.

ಆ ಹೊರಠಾಣೆಯ ಹಿರಿಯ, ಹೆಡ್ ಕಾನ್‌ಸ್ಟೇಬಲ್, ಬಂಟ್ವಾಳದ ಬ್ಯಾರಿ ಮುಸಲ್ಮಾನರು. ನಾವೆಲ್ಲ ಅವರನ್ನು ದಫೇದಾರ್ರೇ ಎಂದು ಕರೆಯುತ್ತಿದ್ದೆವು. ನಾವು ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅವರ ಅಣ್ಣತಮ್ಮಂದಿರು ಮೂವರೂ ಗಲ್ಫಿಗೆ ಹೋಗಿ ಮಹಡಿ ಮನೆ ಕಟ್ಟಿಸಿದ್ದರು. ಇವರೊಬ್ಬರು ಊರಲ್ಲೇ ಉಳಿದು ಖಾಕಿ ಹಾಕಿದವರು. ನಿವೃತ್ತಿಗೆ ಒಂದು ವರ್ಷವೂ ಬಾಕಿ ಇರಲಿಲ್ಲ. ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರು ಮೇಲೆ ಬಂದಿತ್ತು. ಸುಮ್ಮನೆ ಆ ತಿಂಗಳುಗಳನ್ನು ಕಳೆದರೆ ಎ.ಎಸ್.ಐ. ಆಗಿ, ಹೆಗಲ ಮೇಲೆ ಒಂದು ನಕ್ಷತ್ರ ಹಾಕಿಕೊಂಡು ಮನೆಗೆ ಹೋಗಬಹುದಿತ್ತು.

ಆ ನಕ್ಷತ್ರವನ್ನು ಅವರು ಆಗಲೇ ಮಂಗಳೂರಿನಿಂದ ತಂದಿಟ್ಟಿದ್ದರು. ಟ್ರಂಕಿನಲ್ಲಿ, ರೈಫಲ್ ಒರೆಸುವ ಹೊಸ ಚಿಂದಿಯಲ್ಲಿ ಸುತ್ತಿ. ಮನಸ್ಸು ಬಂದಾಗ ಬಿಚ್ಚಿ ತೋರಿಸುತ್ತಿದ್ದರು.

‘ಎಂತದಕ್ಕೆ ದಫೇದಾರ್ರೇ ಇಷ್ಟು ಅವಸರ? ಆರ್ಡರ್ ಬಂದ ಮೇಲೆ ತಂದರೆ ಸಾಲದಾ?’ ಎಂದು ನಾನು ಕೆಣಕಿದರೆ, ‘ಬಂಟ್ವಾಳ ಪೇಟೆಯ ಸ್ಟುಡಿಯೋದಲ್ಲಿ ಒಂದು ಫೋಟೋ ತೆಗೆಸ್ಬೇಕು ಮಾರಾಯ. ಅಷ್ಟೇ. ಆಮೇಲೆ ಆ ನಕ್ಷತ್ರ ಮೊಮ್ಮಕ್ಕಳು ಆಡ್ಲಿಕ್ಕೆ ತಕ್ಕೊಂಡ್ರೂ ಅಡ್ಡಿಯಿಲ್ಲ’ ಎನ್ನುತ್ತಿದ್ದರು.

ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ದೂರದ್ದು ಹೇಗೋ ಕಾಣುತ್ತಿತ್ತು, ಹತ್ತಿರದ್ದು ಮಂಜು. ಒಮ್ಮೆ ರೈಫಲ್ ಬಿಚ್ಚಿದಾಗ ಬೆಂಕಿಕಡ್ಡಿಗಿಂತ ಚಿಕ್ಕದೊಂದು ಪಿನ್ ಬೀಳಿಸಿಕೊಂಡು ಇಬ್ಬರೂ ಅಂಗಳದಲ್ಲಿ ಮೊಣಕಾಲೂರಿ ಹುಡುಕಿದೆವು. ಆಮೇಲೆ ಅವರ ರೈಫಲನ್ನು ನಾನೇ ಒರೆಸತೊಡಗಿದೆ. ಅವರವರ ಆಯುಧ ಅವರವರೇ ಒರೆಸಬೇಕು ಎಂಬುದು ನಿಯಮ. ಆದ್ದರಿಂದ ಯಾರಿಗೂ ಕಾಣದ ಹಾಗೆ, ಕೋತಿನ ಒಳಗೆ ಒರೆಸುತ್ತಿದ್ದೆ. ಕಣ್ಣಿನ ವಿಷಯ ಮೇಲಿನವರಿಗೆ ತಿಳಿದರೆ ಬಡ್ತಿ ಹೋಗಿ ವೈದ್ಯಕೀಯ ಪರೀಕ್ಷೆ ಬರುತ್ತದೆ ಎಂದು ನಾನು ಹೆದರಿದ್ದೆ. ಅವರೂ ಅದಕ್ಕೇ ಹೆದರಿದ್ದಾರೆ ಎಂದುಕೊಂಡಿದ್ದೆ. ಮನೆಗೆ ಹೋಗಿ ಬಂದಾಗಲೆಲ್ಲ ಅವರು ನನಗೆ ಒಂದು ಡಬ್ಬಿ ಪತ್ತಿರಿ, ಅವರ ಮನೆಯ ತೆಳ್ಳನೆಯ ಅಕ್ಕಿರೊಟ್ಟಿ, ತರುತ್ತಿದ್ದರು. ಕೂಲಿ ಅದು.

ಆ ವರ್ಷ ಮಳೆಗಾಲದ ನಡುವೆಯೇ ರೈಫಲ್ ಎಣ್ಣೆ ತಳ ಕಂಡಿತು. ಬೇಡಿಕೆ ಬರೆದು ಕಳಿಸಿದೆ. ಹಿಂದಿನ ಡಬ್ಬಿ ಇಷ್ಟು ಬೇಗ ಮುಗಿದದ್ದು ಹೇಗೆ ಎಂದು ಕೇಳಿ ವಾಪಸ್ ಬಂತು. ಮಳೆ ಬಂದದ್ದರಿಂದ ಎಂದು ಬರೆದೆ. ಅದಕ್ಕೆ ಉತ್ತರವೇ ಇಲ್ಲ. ಕೊನೆಗೆ ನಮ್ಮ ಊರಿನವರು ಯಾರಾದರೂ ಮಾಡುವುದನ್ನೇ ನಾನೂ ಮಾಡಿದೆ. ನಮ್ಮಲ್ಲಿ ತಲೆಗೂ ತೆಂಗಿನೆಣ್ಣೆ, ಕತ್ತಿಗೂ ತೆಂಗಿನೆಣ್ಣೆ, ಕಿರುಗುಟ್ಟುವ ಬಾಗಿಲಿಗೂ ಅದೇ. ಅಡುಗೆಯವನ ಶೀಸೆಯಿಂದ ಸ್ವಲ್ಪ ಬಗ್ಗಿಸಿಕೊಂಡು ರೈಫಲ್‌ಗಳ ಹೊರಮೈಗೆ ಸವರಿದೆ. ತುಕ್ಕು ನಿಂತಿತು. ಜುಲೈ ಕಳೆಯಿತು, ಆಗಸ್ಟ್ ಕಳೆಯಿತು, ಏನೂ ಆಗಲಿಲ್ಲ. ಬಯಲುಸೀಮೆಯಿಂದ ಬಂದ ಒಬ್ಬ ಕಾನ್‌ಸ್ಟೇಬಲ್ ಮಾತ್ರ, ಇದೇನು ರೈಫಲಿಗೆ ಹೆರಳು ಹಾಕುತ್ತೀರಾ ಎಂದು ನಕ್ಕ. ರೈಫಲ್ ಎಣ್ಣೆಯ ಕೊನೆಯ ಹನಿಗಳನ್ನು ನಾನು ಒಳಭಾಗಗಳಿಗೆಂದು ಉಳಿಸಿಟ್ಟೆ.

ಡಿಸೆಂಬರಿನಲ್ಲಿ ವಾರ್ಷಿಕ ಗುಂಡಿನ ಪರೀಕ್ಷೆ ಬಂತು. ಸಾಹೇಬರೇ ಬಂದು ನೋಡುವುದು. ಒಬ್ಬೊಬ್ಬರಿಗೆ ಹತ್ತು ಗುಂಡು, ಒಂದು ನಿಮಿಷ. ಅದರಲ್ಲಿ ಪಾಸಾದರೆ ದಫೇದಾರರಿಗೆ ಮುಂದೆ ಯಾವ ಕಂಟಕವೂ ಇಲ್ಲ. ಅವರಿಗಿಂತ ನನಗೇ ಹೆಚ್ಚು ಗಾಬರಿ. ಹಿಂದಿನ ದಿನ ಮಧ್ಯಾಹ್ನ ಉಳಿದವರೆಲ್ಲ ಡಬ್ಬಿಯ ತಳದಲ್ಲಿದ್ದ ರೈಫಲ್ ಎಣ್ಣೆಯನ್ನು ಹಂಚಿಕೊಂಡು ತಮ್ಮ ತಮ್ಮ ರೈಫಲ್ ಒರೆಸಿದರು. ನಾನೂ ನನ್ನದನ್ನು ಒರೆಸಿದೆ. ದಫೇದಾರರದ್ದನ್ನು ನಿಧಾನವಾಗಿ, ಚೆನ್ನಾಗಿ ಮಾಡಬೇಕೆಂದು ಕೊನೆಗೆ ಇಟ್ಟುಕೊಂಡಿದ್ದೆ. ಅದನ್ನು ಬಿಚ್ಚಿ ಗೋಣಿಯ ಮೇಲೆ ಇಟ್ಟು ಡಬ್ಬಿ ಬಗ್ಗಿಸಿದರೆ ಒಂದು ಹನಿಯೂ ಬೀಳಲಿಲ್ಲ. ಕೊನೆಯ ಹನಿ ನನ್ನ ರೈಫಲಿನಲ್ಲಿತ್ತು.

ನನ್ನದನ್ನು ಮತ್ತೆ ಬಿಚ್ಚಿ ಆ ಎಣ್ಣೆಯ ಚಿಂದಿಯಲ್ಲೇ ಇದನ್ನೂ ಒರೆಸಬಹುದಿತ್ತು. ಸುಸ್ತಾಗಿತ್ತು. ಬೆಳಿಗ್ಗೆಯಿಂದ ಕೂತು ಸೊಂಟ ಹಿಡಿದಿತ್ತು. ಅಡುಗೆಮನೆಯ ಶೀಸೆ ತಂದೆ. ಮಧ್ಯಾಹ್ನದ ಬಿಸಿಲಿಗೆ ತೆಂಗಿನೆಣ್ಣೆ ನೀರಿನಷ್ಟು ತೆಳ್ಳಗಿತ್ತು. ಹಿಂದೆ ಮುಂದೆ ಓಡುವ ಉಕ್ಕಿನ ಭಾಗಕ್ಕೆಲ್ಲ ಧಾರಾಳವಾಗಿ ಸವರಿದೆ. ನಯವಾಗಿ ಓಡಲಿ ಎಂದು ಪಿಸ್ಟನ್ನಿಗೂ ಎರಡು ಹನಿ ಬಿಟ್ಟೆ. ಅದನ್ನು ಒಣಗಿಸಿಯೇ ಇಡಬೇಕು ಎಂದು ಹತ್ತಾರು ಜನರಿಗೆ ಕಲಿಸಿದ ಕೈ ಅದು. ಜೋಡಿಸಿ ಎಳೆದು ನೋಡಿದಾಗ ಎಷ್ಟು ಸಲೀಸಾಗಿ ಓಡಿತೆಂದರೆ ನನಗೇ ಹೆಮ್ಮೆಯಾಯಿತು.

ಡಿಸೆಂಬರಿನ ಬೆಳಿಗ್ಗೆ ಚಾರ್ಮಾಡಿಯ ಬುಡದಲ್ಲಿ ಹೇಗಿರುತ್ತದೆ ಎಂದು ಅಲ್ಲಿ ಸ್ನಾನ ಮಾಡಿದವರಿಗೆ ಗೊತ್ತು. ತಲೆಗೆ ಎಣ್ಣೆ ಹಚ್ಚಬೇಕಾದರೆ ಶೀಸೆಯನ್ನು ಒಲೆಯ ಪಕ್ಕ ಇಟ್ಟು ಕರಗಿಸಬೇಕು. ನಾನೂ ಮೂರು ವರ್ಷದಿಂದ ಹಾಗೆ ಕರಗಿಸಿಯೇ ಹಚ್ಚಿಕೊಂಡವನು. ಆ ಬೆಳಿಗ್ಗೆಯೂ ಕರಗಿಸಿ ಹಚ್ಚಿಕೊಂಡೇ ಹೋಗಿದ್ದೆ. ಆಗಲೂ ಹೊಳೆಯಲಿಲ್ಲ.

ಬೆಟ್ಟದ ಬುಡದ ಬಯಲಿನಲ್ಲಿ ಮರಳಿನ ಚೀಲ ಪೇರಿಸಿದ್ದರು. ನಮ್ಮ ಬಾಯಿಂದ ಹೊಗೆ ಬರುತ್ತಿತ್ತು. ದಫೇದಾರರು ಮಲಗಿ ಗುರಿ ಹಿಡಿದರು. ಸೀಟಿ ಊದಿದರು. ಮೊದಲನೆಯ ಗುಂಡು ಸರಿಯಾಗಿ ಹೋಯಿತು, ಗುರಿಗೂ ಬಿತ್ತು. ಎರಡನೆಯದ್ದು ಹಾರಲಿಲ್ಲ. ಖಾಲಿ ತೋಟಾ ಅರ್ಧ ಹೊರಗೆ ಬಂದು ಸಿಕ್ಕಿಕೊಂಡಿತ್ತು. ಅವರು ಕೈಯಿಂದ ಎಳೆದು ಬೀಳಿಸಿದರು. ಮತ್ತೆ ಒಂದು ಗುಂಡು, ಮತ್ತೆ ಸಿಕ್ಕಿಕೊಂಡಿತು. ಹೀಗೇ ನಾಲ್ಕು ಸಲ. ಐದನೆಯದರ ಹೊತ್ತಿಗೆ ನಳಿಗೆ ಬಿಸಿಯಾಗಿ ರೈಫಲ್ ಸರಿಯಾಗಿ ಓಡತೊಡಗಿತು, ಆರನೆಯದ್ದೂ ಹೋಯಿತು. ಅಷ್ಟರಲ್ಲಿ ನಿಮಿಷ ಮುಗಿದು ಎರಡನೆಯ ಸೀಟಿ ಊದಿದರು, ನಾಲ್ಕು ಗುಂಡು ಹಾಗೇ ಉಳಿದವು.

ಸಾಹೇಬರು ಬಂದು ರೈಫಲ್ ತೆಗೆದುಕೊಂಡು ಮೇಲಿನ ಮುಚ್ಚಳ ಜಾರಿಸಿದರು. ಮೂಲೆಗಳಲ್ಲಿ ಬೆಳ್ಳಗೆ ತುಪ್ಪದ ಹಾಗೆ ಇನ್ನೂ ಅಂಟಿಕೊಂಡಿತ್ತು. ಬೆರಳಿಗೆ ಹಚ್ಚಿ ಮೂಸಿದರು.

‘ಏನ್ರೀ ಇದು? ತೆಂಗಿನೆಣ್ಣೆನಾ? ಇದನ್ನ ಕ್ಲೀನ್ ಮಾಡಿದ್ದು ಯಾರು?’

ಕೇಳಿದ್ದು ದಫೇದಾರರನ್ನು, ಆದರೆ ನೋಡಿದ್ದು ನನ್ನ ಕಡೆ. ಹಾಗೆ ಅನ್ನಿಸಿತು. ನಾನು ನೆಟ್ಟಗೆ ನಿಂತಿದ್ದೆ. ಇದೇ ಸಾಹೇಬರು ನನ್ನ ವರ್ಗಕ್ಕೆ ಸಹಿ ಹಾಕಬೇಕು ಎನ್ನುವುದೊಂದೇ ತಲೆಯಲ್ಲಿತ್ತು.

‘ನಾನೇ ಸಾರ್’ ಎಂದರು ದಫೇದಾರರು.

ಸಾಹೇಬರು ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡು, ‘ಇಷ್ಟು ವರ್ಷ ಸರ್ವಿಸ್ ಮಾಡಿ ಇದೇನಾ ಕಲ್ತಿದ್ದು?’ ಎಂದು ರೈಫಲನ್ನು ಅವರ ಕೈಗೆ ಕೊಟ್ಟು ಮುಂದೆ ಹೋದರು. ನಾನು ಬಾಯಿ ಬಿಡಲಿಲ್ಲ. ನನ್ನ ಸರದಿ ಬಂತು. ಹತ್ತಕ್ಕೆ ಒಂಬತ್ತು ಹೊಡೆದೆ. ನನ್ನ ರೈಫಲ್ ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ.

ಹೊರಠಾಣೆಗೆ ವಾಪಸ್ ಬಂದ ಮೇಲೆ ನಾನು ಕೋತಿನೊಳಗೆ ಸೇರಿಕೊಂಡೆ. ಎಂಟೂ ರೈಫಲ್‌ಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ. ಯಾರೂ ಹೇಳಿರಲಿಲ್ಲ. ಊಟಕ್ಕೂ ಏಳಲಿಲ್ಲ. ದಫೇದಾರರು ಎರಡು ಸಲ ಬಾಗಿಲ ಹತ್ತಿರ ಬಂದು ನಿಂತರು. ಬೈಯಲು ಬಂದಿರಬೇಕು ಎಂದುಕೊಂಡು ನಾನು ತಲೆ ಎತ್ತಲಿಲ್ಲ, ಇನ್ನೂ ಜೋರಾಗಿ ಉಜ್ಜಿದೆ. ಎರಡನೆಯ ಸಲ ಬಂದಾಗ ಅವರು ತುಂಬ ಹೊತ್ತು ನಿಂತಿದ್ದರು. ಅವರ ಬೂಟು ಮಾತ್ರ ನನಗೆ ಕಾಣುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಆ ಬೂಟೂ ಹೋಯಿತು.

ಹದಿನೈದು ದಿನದಲ್ಲಿ ಅವರಿಗೆ ಮೆಮೊ ಬಂತು, ಆಯುಧವನ್ನು ಸರಿಯಾಗಿ ಇಟ್ಟುಕೊಳ್ಳದ ಬಗ್ಗೆ ವಿಚಾರಣೆ. ವಿಚಾರಣೆ ಬಾಕಿ ಇರುವವರಿಗೆ ಬಡ್ತಿ ಕೊಡುವುದಿಲ್ಲ. ಅದೇ ವಾರ ನನ್ನ ವರ್ಗದ ಆದೇಶವೂ ಬಂತು. ಹೊರಡುವ ದಿನ ದಫೇದಾರರು ನನ್ನ ಟ್ರಂಕನ್ನು ಒಂದು ಬದಿಯಿಂದ ಹಿಡಿದು ರಸ್ತೆ ತನಕ ಬಂದರು. ‘ಮಗುವಿಗೆ ತಣ್ಣೀರು ಕೊಡ್ಬೇಡ’ ಎಂದರು. ಬಸ್ಸು ಹತ್ತಿದೆ. ಐದು ತಿಂಗಳ ನಂತರ ಅವರು ದಫೇದಾರರಾಗಿಯೇ ನಿವೃತ್ತರಾದರು. ಬೀಳ್ಕೊಡುಗೆಗೆ ನಾನು ಹೋಗಲಿಲ್ಲ. ಡ್ಯೂಟಿ ಇದೆ ಎಂದು ಹೇಳಿ ಕಳಿಸಿದೆ. ಇರಲಿಲ್ಲ.

ಆಮೇಲಿನ ವರ್ಷಗಳಲ್ಲಿ ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡಿದ್ದೆ. ಅವರು ನಾನೇ ಎಂದು ಹೇಳಲೇಬೇಕಿತ್ತು. ಬೇರೆಯವರು ಒರೆಸಿದರು ಎಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ, ಕಣ್ಣಿನ ಗುಟ್ಟು ಹೊರಬೀಳುತ್ತದೆ, ಆಗಲೂ ಬಡ್ತಿ ಹೋಗುತ್ತಿತ್ತು. ನಾನು ಬಾಯಿ ಬಿಟ್ಟಿದ್ದರೂ ಅವರಿಗೆ ಲಾಭವಿರಲಿಲ್ಲ, ನನ್ನ ಮಗಳಿಗೆ ನಷ್ಟವಾಗುತ್ತಿತ್ತು. ಲೆಕ್ಕ ಸರಿಯಾಗಿಯೇ ಕೂಡುತ್ತಿತ್ತು. ಮೂಡುಬಿದಿರೆಯಿಂದ ಬಂಟ್ವಾಳ ಏನು ದೂರ? ಸಿದ್ದಕಟ್ಟೆಯ ಮೇಲೆ ಹೋದರೆ ಒಂದು ಗಂಟೆಯ ದಾರಿ. ಆ ಒಂದು ಗಂಟೆಯ ದಾರಿಯಲ್ಲಿ ನಾನು ಏಳು ವರ್ಷ ಹೋಗಲಿಲ್ಲ.

ಹೋದದ್ದು ನನಗೇ ನಕ್ಷತ್ರ ಬಂದ ದಿನ. ಮಂಗಳೂರಿನಲ್ಲಿ ಅದನ್ನು ಹೆಗಲಿಗೆ ಹಾಕಿಸಿಕೊಂಡು ಮನೆಗೆ ಹೊರಟವನು ಮೂಡುಬಿದಿರೆಯ ಬಸ್ಸು ಬಿಟ್ಟು ಬಂಟ್ವಾಳದ ಬಸ್ಸು ಹತ್ತಿದೆ, ಬಿ.ಸಿ. ರೋಡಿನಲ್ಲಿ ಇಳಿದೆ. ಎರಡು ಮಹಡಿ ಮನೆಗಳ ನಡುವೆ ಅವರ ಹಂಚಿನ ಮನೆ. ಜಗಲಿಯಲ್ಲಿ ಕನ್ನಡಕವಿಲ್ಲದೆ ಪೇಪರು ಓದುತ್ತಿದ್ದರು. ನನ್ನನ್ನು ಗೇಟಿನಲ್ಲೇ ಗುರುತಿಸಿದರು.

‘ಅರೆ, ಬಾ ಬಾ ಮಾರಾಯ. ನಕ್ಷತ್ರ ಬಂತಾ?’

ಕೂರಿಸಿದರು. ಒಳಗಿನಿಂದ ಚಾ ಮತ್ತು ಪತ್ತಿರಿ ಬಂತು. ಮಗಳನ್ನು ವಿಚಾರಿಸಿದರು. ಉಬ್ಬಸ ಪೂರ್ತಿ ಹೋಗಿದೆ, ಹೈಸ್ಕೂಲಿನಲ್ಲಿ ಓಟದ ಪಂದ್ಯದಲ್ಲಿ ಓಡುತ್ತಾಳೆ ಎಂದೆ. ಅವರು ನಿಜವಾಗಿ ಸಂತೋಷಪಟ್ಟರು. ಗೋಡೆಯ ಮೇಲೆ ಗಲ್ಫಿನ ಅಣ್ಣತಮ್ಮಂದಿರ, ಮೊಮ್ಮಕ್ಕಳ ಫೋಟೋಗಳಿದ್ದವು. ಖಾಕಿಯಲ್ಲಿರುವ ಅವರ ಒಂದು ಫೋಟೋವೂ ಇರಲಿಲ್ಲ. ನಾನು ಬೇಗ ಬೇರೆ ಕಡೆ ನೋಡಿದೆ.

‘ಕಣ್ಣು ಈಗ ಹೇಗುಂಟು ದಫೇದಾರ್ರೇ?’

‘ರಿಟೈರ್ ಆದ ಕೂಡ್ಲೇ ಆಪರೇಷನ್ ಮಾಡಿಸಿದೆ. ಈಗ ಇರುವೆಯೂ ಕಾಣ್ತದೆ. ಆಗಲೇ ಮಾಡಿಸ್ಬೇಕಿತ್ತು. ಸಾಹೇಬರೂ ಅದೇ ಹೇಳಿದ್ದು.’

‘ಯಾವ ಸಾಹೇಬರು?’

‘ನಮ್ಮ ಸಾಹೇಬರೇ. ಟೆಸ್ಟಿಗಿಂತ ಒಂದು ತಿಂಗಳು ಮೊದಲು ನಾನೇ ಹೋಗಿ ಹೇಳಿದ್ದೆನಲ್ಲ. ಕಣ್ಣು ಮಂಜು, ರೈಫಲ್ ಒರೆಸ್ಲಿಕ್ಕೆ ಕೋತಿನವನು ಸಹಾಯ ಮಾಡ್ತಾನೆ ಅಂತ. ಆಪರೇಷನ್ ಮಾಡಿಸಿ, ಅಲ್ಲಿವರೆಗೆ ಅಡ್ಡಿಯಿಲ್ಲ, ಇನ್ನು ಸ್ವಲ್ಪ ದಿನ ಅಲ್ವಾ ಅಂದ್ರು. ಒಳ್ಳೆ ಮನುಷ್ಯ.’

ನನ್ನ ಕೈಯಲ್ಲಿದ್ದ ಚಾ ಲೋಟ ಹಾಗೇ ಉಳಿಯಿತು. ಸಾಹೇಬರು ಯಾರು ಒರೆಸಿದ್ದು ಎಂದು ಕೇಳಿದ್ದು ಯಾಕೆ, ಕೇಳುತ್ತ ನನ್ನ ಕಡೆ ನೋಡಿದ್ದು ಯಾಕೆ ಎಂದು ಏಳು ವರ್ಷದ ನಂತರ ತಿಳಿಯಿತು. ಅವರಿಗೆ ಗೊತ್ತಿತ್ತು. ದಫೇದಾರರು ಸುಮ್ಮನೆ ನಿಂತಿದ್ದರೂ ಸಾಕಿತ್ತು, ಮೆಮೊ ನನಗೆ ಬರುತ್ತಿತ್ತು, ಅವರು ಬೇರೆ ರೈಫಲಿನಲ್ಲಿ ಮತ್ತೆ ಹೊಡೆದು ಪಾಸಾಗುತ್ತಿದ್ದರು, ನಕ್ಷತ್ರ ಅವರಿಗೆ ಬರುತ್ತಿತ್ತು. ನಾನು ಅಷ್ಟು ವರ್ಷ ಕೂಡಿಸಿಟ್ಟುಕೊಂಡಿದ್ದ ಲೆಕ್ಕದಲ್ಲಿ ಏನೂ ಉಳಿಯಲಿಲ್ಲ.

‘ತಪ್ಪು ನನ್ನದು ದಫೇದಾರ್ರೇ’ ಎಂದೆ. ‘ಎಣ್ಣೆ ಹಾಕಿದ್ದು ನಾನು. ನಾನು ಹೇಳಬೇಕಿತ್ತು.’

ಅವರು ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು. ನನ್ನ ಹೆಗಲ ಮೇಲೆ ಓರೆಯಾಗಿದ್ದ ನಕ್ಷತ್ರವನ್ನು ಬೆರಳಿನಿಂದ ನೆಟ್ಟಗೆ ಮಾಡಿದರು.

‘ಸಾಹೇಬರ ಹತ್ರ ನೀನು ಹೇಳುವುದು ಬೇಡ ಅಂತಲೇ ನಾನು ಮೊದಲು ಬಾಯಿ ಹಾಕಿದ್ದು ಮಾರಾಯ. ನಿನಗೆ ಮಗು ಇತ್ತು. ಆದ್ರೆ ನನ್ನ ಹತ್ರ ಒಂದು ಮಾತು ಹೇಳ್ತಿ ಅಂದ್ಕೊಂಡೆ. ಎರಡು ಸಲ ಕೋತಿನ ಬಾಗಿಲಿಗೆ ಬಂದೆ. ನೀನು ತಲೆ ಎತ್ತಲೇ ಇಲ್ಲ.’

ಅವರು ಪತ್ತಿರಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು.

‘ಚಾ ಆರಿಹೋಯ್ತು. ಕುಡಿ’ ಎಂದರು.

ನಾನು ಕುಡಿದೆ.